ಒಂಟಿ ಆಸನದ ಪಾಠಶಾಲೆ

ಕಳೆದ ವರ್ಷ ಐದನೆಯ ತರಗತಿಯಲ್ಲಿ ವಿಮಾನದ ಪಾಠವನ್ನು ಮುಗಿಸಿ ಪುಸ್ತಕ ಮಡಚುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಾಷ್ಟ್ರೇ, ಸೈಕಲು ಕಲಿಯುವವನ ಹಿಂದೆ ಒಬ್ಬರು ಸೀಟು ಹಿಡಿದುಕೊಂಡು ಓಡುತ್ತಾರೆ. ವಿಮಾನ ಕಲಿಯುವವನ ಹಿಂದೆ ಯಾರು ಓಡುತ್ತಾರೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ವಿಮಾನದಲ್ಲಿ ಎರಡು ಆಸನಗಳಿರುತ್ತವೆ, ಒಂದರಲ್ಲಿ ಗುರು ಕುಳಿತಿರುತ್ತಾನೆ ಎಂದು ಉತ್ತರವಿತ್ತು, ಗಂಟೆ ಬಾರಿಸಿದೊಡನೆ ಹೊರಬಿದ್ದೆವು. ಆದರೆ ಆ ಉತ್ತರ ಪೂರ್ಣ ಸತ್ಯವಲ್ಲವೆಂಬುದು ಆಮೇಲೆ ಓದುತ್ತ ಹೋದಂತೆ ತಿಳಿದುಬಂತು. ಗುರುವಿಗೆ ಆಸನವೇ ಇಲ್ಲದ, ಶಿಷ್ಯನು ತನ್ನ ಮೊಟ್ಟಮೊದಲ ಪಾಠದಿಂದಲೇ ಒಬ್ಬನೇ ಕುಳಿತು ಕಲಿಯಬೇಕಾಗಿದ್ದ ಪಾಠಶಾಲೆಯೊಂದು ಈ ಲೋಕದಲ್ಲಿ ಎರಡು ದಶಕಗಳ ಕಾಲ ನಡೆದಿತ್ತು. ಅಷ್ಟೇ ಅಲ್ಲ, ಆ ಹುಡುಗನ ಮಾತಿನಂತೆ ಅಲ್ಲಿ ಓಡುವವರೂ ಇದ್ದರು. ಹಿಂದೆ ಅಲ್ಲ, ಮುಂದೆ. ಆ ಶಾಲೆಯ ಕಥೆಯನ್ನು ನಮ್ಮ ಸಹೋದ್ಯೋಗಿಗಳ ಮತ್ತು ಬಾಲಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗ್ಲೈಡರೆಂದರೇನು ಎಂಬುದನ್ನು ಕಿರಿಯ ವಾಚಕರಿಗಾಗಿ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಎಂಜಿನ್ನಿಲ್ಲದ ವಿಮಾನ. ರೆಕ್ಕೆಯಿದೆ, ಬಾಲವಿದೆ, ಚುಕ್ಕಾಣಿಯಿದೆ. ಎಳೆದೊಯ್ಯುವ ಶಕ್ತಿ ಮಾತ್ರ ಇಲ್ಲ. ಇಳಿಜಾರಿನಲ್ಲಿ ಬಿಟ್ಟ ಬಂಡಿ ತನ್ನ ತೂಕದಿಂದಲೇ ಮುಂದೆ ಸಾಗುವಂತೆ ಗ್ಲೈಡರು ಗಾಳಿಯಲ್ಲಿ ಸದಾ ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತ ಮುಂದೆ ಸಾಗುತ್ತದೆ. ಹಾಗಾದರೆ ಅದು ಮೇಲೇರುವುದು ಹೇಗೆ? ಗಾಳಿಯೇ ಮೇಲೇರುತ್ತಿರುವ ಎಡೆಯನ್ನು ಹುಡುಕಿಕೊಂಡರಾಯಿತು. ಬೇಕಲದ ಕೋಟೆಯ ಮೇಲೆ ಸಂಜೆ ಹೊತ್ತು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಗಾಳಿ ಗೋಡೆಗೆ ಬಡಿದು ಬೇರೆ ದಾರಿಯಿಲ್ಲದೆ ಮೇಲಕ್ಕೆ ಹರಿಯುತ್ತದೆ. ಆ ಹರಿವಿನ ಮೇಲೆ ಗರುಡಪಕ್ಷಿ ರೆಕ್ಕೆ ಬಡಿಯದೆ ತೂಗಾಡುತ್ತದೆ. ಹಕ್ಕಿ ಇಳಿಯುತ್ತಲೇ ಇರುತ್ತದೆ, ಗಾಳಿ ಅದಕ್ಕಿಂತ ಬೇಗ ಏರುತ್ತಿರುತ್ತದೆ, ಅಷ್ಟೆ.

ಇನ್ನು ನಡೆಸುವ ಬಗೆ. ಸವಾರನ ಮೊಣಕಾಲುಗಳ ನಡುವೆ ಒಂದು ಕೋಲು, ಪಾದಗಳ ಕೆಳಗೆ ಒಂದು ಅಡ್ಡಪಟ್ಟಿ. ಕೋಲನ್ನು ಎಡಕ್ಕೋ ಬಲಕ್ಕೋ ವಾಲಿಸಿದರೆ ರೆಕ್ಕೆಗಳು ಆ ಕಡೆಗೆ ವಾಲುತ್ತವೆ. ಮುಂದಕ್ಕೊತ್ತಿದರೆ ಮೂತಿ ಬಾಗಿ ವೇಗ ಹೆಚ್ಚುತ್ತದೆ. ಹಿಂದಕ್ಕೆಳೆದರೆ ಮೂತಿ ಎದ್ದು ವೇಗ ಕುಗ್ಗುತ್ತದೆ. ತೀರ ಎಳೆದುಬಿಟ್ಟರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು ವಿಮಾನ ಕುಸಿಯುತ್ತದೆ. ಈಗ ಯೋಚಿಸಿರಿ: ಹೆದರಿದ ಮನುಷ್ಯನ ಕೈ ಏನು ಮಾಡುತ್ತದೆ? ಹಿಡಿದದ್ದನ್ನು ಎದೆಯ ಕಡೆಗೆ ಎಳೆದುಕೊಳ್ಳುತ್ತದೆ. ವಿಮಾನ ಬೀಳುವಂತೆ ತೋರುವ ಗಳಿಗೆಯಲ್ಲಿ ಮೂತಿಯನ್ನು ಭೂಮಿಯ ಕಡೆಗೇ ಒತ್ತು ಎಂದು ಆ ಕೈಗೆ ಕಲಿಸಬೇಕು. ಹಾರಾಟದ ಗುರುಗಳು ಪಟ್ಟ ಪಾಡೆಲ್ಲ ಬಹುಮಟ್ಟಿಗೆ ಇದೊಂದಕ್ಕಾಗಿಯೇ ಎಂದು ನಮಗೆ ತೋರುತ್ತದೆ.

ಈ ವಿದ್ಯೆಯ ಮೊದಲ ಶಿಷ್ಯನಿಗೆ ಗುರುವೇ ಇರಲಿಲ್ಲ. ಜರ್ಮನಿಯ ಅಂಕ್ಲಾಮ್ ಎಂಬ ಊರಿನಲ್ಲಿ ೧೮೪೮ರಲ್ಲಿ ಹುಟ್ಟಿದ ಒಟ್ಟೊ ಲಿಲಿಯೆಂತಾಲ್ ಎಂಬ ಎಂಜಿನಿಯರು ಬಾಲ್ಯದಿಂದಲೂ ಕೊಕ್ಕರೆಗಳ ಹಾರಾಟವನ್ನು ನೋಡುತ್ತ ಬೆಳೆದವನು. ತಮ್ಮ ಗುಸ್ತಾಫನೊಡನೆ ವರ್ಷಗಟ್ಟಲೆ ರೆಕ್ಕೆಗಳನ್ನು ಗಾಳಿಗೊಡ್ಡಿ ಅಳೆದು, ೧೮೮೯ರಲ್ಲಿ ಹಕ್ಕಿಯ ಹಾರಾಟವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. ಅನಂತರ ತಾನೇ ರೆಕ್ಕೆ ತೊಟ್ಟ. ನಮ್ಮಂಥ ಪ್ರಾಥಮಿಕ ಶಾಲೆಯ ಶಿಕ್ಷಕರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಆತ ಮೊದಲೇ ಬೆಟ್ಟವನ್ನೇರಲಿಲ್ಲ. ಮನೆಯ ತೋಟದಲ್ಲಿ ಒಂದು ಹಲಗೆಯನ್ನು ಕಟ್ಟಿಕೊಂಡು ಅದರ ಮೇಲಿಂದ ನೆಗೆದು ನೆಗೆದು ಅಭ್ಯಾಸ ಮಾಡಿದ. ಕೈಕಾಲು ಪಳಗಿದಂತೆ ಹಲಗೆಯ ಎತ್ತರವನ್ನು ಸ್ವಲ್ಪಸ್ವಲ್ಪವೇ ಏರಿಸಿದ. ೧೮೯೧ರಲ್ಲಿ ಡೆರ್ವಿಟ್ಸ್ ಎಂಬ ಹಳ್ಳಿಯ ದಿಬ್ಬಗಳಿಗೆ ಹೋದ. ೧೮೯೪ರಲ್ಲಿ ಬರ್ಲಿನ್ನಿನ ಹತ್ತಿರ ಸುಮಾರು ೧೫ ಮೀಟರ್ ಎತ್ತರದ ಮಣ್ಣುಗುಡ್ಡವೊಂದನ್ನೇ ಹಾಕಿಸಿಕೊಂಡ. ಯಾವ ದಿಕ್ಕಿನಿಂದ ಗಾಳಿ ಬಂದರೂ ಅದಕ್ಕೆದುರಾಗಿ ಓಡಿ ಹಾರಬಹುದೆಂದು. ಕೊನೆಕೊನೆಗೆ ಬೇರೆ ಬೆಟ್ಟಗಳಿಂದ ೨೫೦ ಮೀಟರ್ ದೂರದವರೆಗೂ ತೇಲಿದ. ಒಟ್ಟು ಸುಮಾರು ೨,೦೦೦ ಸಲ ಹಾರಿದನೆಂದು ಲೆಕ್ಕ.

೧೮೯೬ನೆಯ ಇಸವಿ ಆಗಸ್ಟ್ ೯ರಂದು ಸ್ಟೋಲ್ನ್ ಎಂಬಲ್ಲಿಯ ಬೆಟ್ಟದ ಬಳಿ ಬಿರುಗಾಳಿಯ ಒಂದು ಹೊಡೆತಕ್ಕೆ ಆತನ ಗ್ಲೈಡರು ಮೂತಿಯೆತ್ತಿ ನಿಂತುಬಿಟ್ಟಿತು. ಆತನ ಯಂತ್ರದಲ್ಲಿ ಕೋಲಿರಲಿಲ್ಲ; ತೋಳುಗಳಲ್ಲಿ ನೇತುಕೊಂಡು ಮೈಯನ್ನು ಅತ್ತಿತ್ತ ತೂಗಿಯೇ ಸಮತೋಲವನ್ನು ಕಾಯಬೇಕಾಗಿತ್ತು. ಮೂತಿಯನ್ನಿಳಿಸಲು ಕಾಲುಗಳನ್ನು ಮುಂದಕ್ಕೆ ಬೀಸಿದರೂ ಸಾಲದೆ ಕುಸಿದು ಬಿದ್ದ. ಬೆನ್ನುಮೂಳೆ ಮುರಿದಿತ್ತು, ಮರುದಿನ ಪ್ರಾಣ ಹೋಯಿತು. ಅಮೆರಿಕದ ವಿಲ್ಬರ್ ರೈಟ್ ಕೆಲವು ವರ್ಷಗಳ ಮೇಲೆ ಒಂದು ಲೆಕ್ಕ ಹಾಕಿದ್ದಾನೆ: ಐದು ವರ್ಷ ಸಾಧನೆ ಮಾಡಿದ ಆ ಮಹಾನುಭಾವನು ನಿಜವಾಗಿ ಗಾಳಿಯಲ್ಲಿ ಕಳೆದದ್ದು ಎಲ್ಲ ಸೇರಿ ಸುಮಾರು ಐದು ಗಂಟೆ! ನಮ್ಮ ಶಾಲೆಯ ಒಂದು ದಿನದ ಪಾಠದ ಹೊತ್ತು. ಲಿಲಿಯೆಂತಾಲನಿಗೆ ತಿಳಿವಳಿಕೆ ಕಡಿಮೆಯಿರಲಿಲ್ಲ. ಅಭ್ಯಾಸಕ್ಕೆ ಹೊತ್ತು ಸಾಲಲಿಲ್ಲವೆಂಬುದೇ ವಿಲ್ಬರನ ಅಭಿಪ್ರಾಯ. ಆ ಕೊರತೆಯನ್ನು ತುಂಬಲೆಂದೇ ರೈಟ್ ಸೋದರರು ಕಿಟಿಹಾಕ್ ಕಡಲತೀರದ ಮರಳುದಿಬ್ಬಗಳ ಮೇಲೆ ೧೯೦೦ರಿಂದ ಮೂರು ವರ್ಷ ಗ್ಲೈಡರುಗಳನ್ನು ಹಾರಿಸಿದರು. ೧೯೦೨ರ ಶರತ್ಕಾಲವೊಂದರಲ್ಲೇ ನೂರಾರು ಸಲ. ಎಂಜಿನ್ ಕೂಡಿಸಿದ್ದು ೧೯೦೩ರಲ್ಲಿ, ಹಾರಲು ಕಲಿತಾದ ಮೇಲೆ. ನಮ್ಮ ಪಾಠಪುಸ್ತಕಗಳು ಸಾಮಾನ್ಯವಾಗಿ ಆ ಮೂರು ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ.

ಎಂಜಿನ್ ಬಂದ ಮೇಲೆ ಗ್ಲೈಡರನ್ನು ಲೋಕ ಮರೆಯಿತು. ಮರೆಯದಿದ್ದವರು ಡಾರ್ಮ್‌ಷ್ಟಾಟ್ ಎಂಬ ಜರ್ಮನ್ ಪಟ್ಟಣದ ಕೆಲವು ಶಾಲಾಬಾಲಕರು. ೧೯೧೧ರಿಂದ ಅವರು ರಜೆಯಲ್ಲಿ ತಮ್ಮ ಕೈಯಾರೆ ಕಟ್ಟಿದ ಗ್ಲೈಡರುಗಳನ್ನು ರೋನ್ ಸೀಮೆಯ ವಾಸರ್‌ಕುಪ್ಪೆ ಎಂಬ ಬೋಳುಬೆಟ್ಟಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ೯೫೦ ಮೀಟರ್ ಎತ್ತರದ ಆ ಬೆಟ್ಟದಿಂದ ೧೯೧೨ರಲ್ಲಿ ಹಾನ್ಸ್ ಗೂಟರ್‌ಮೂತ್ ಎಂಬ ಹುಡುಗ ೮೩೮ ಮೀಟರ್ ದೂರ ಹಾರಿದ. ಎರಡೇ ವರ್ಷದಲ್ಲಿ ಮಹಾಯುದ್ಧ ಬಂತು. ಆ ಬಾಲಕರಲ್ಲಿ ಹಲವರು ಹಿಂದಿರುಗಲಿಲ್ಲ.

ಯುದ್ಧದಲ್ಲಿ ಸೋತ ಜರ್ಮನಿಗೆ ೧೯೧೯ರ ವರ್ಸೇಲ್ಸ್ ಒಪ್ಪಂದವು ವಾಯುಸೇನೆಯನ್ನು ನಿಷೇಧಿಸಿತು. ಎಂಜಿನ್ ವಿಮಾನಗಳನ್ನು ಕಟ್ಟುವುದಕ್ಕೂ ಕಟ್ಟುಪಾಡುಗಳು ಬಿದ್ದುವು. ಆದರೆ ಎಂಜಿನ್ನಿಲ್ಲದ ವಿಮಾನದ ಸುದ್ದಿ ಆ ಒಪ್ಪಂದದಲ್ಲಿ ಇರಲಿಲ್ಲ. ಆಟದ ಸಾಮಾನೆಂದು ಗೆದ್ದವರು ಬಿಟ್ಟಿರಬೇಕು. ಹಾರಾಟದ ಪತ್ರಿಕೆಯೊಂದರ ಸಂಪಾದಕನಾಗಿದ್ದ ಓಸ್ಕರ್ ಉರ್ಸಿನುಸ್ ೧೯೨೦ರ ಬೇಸಗೆಯಲ್ಲಿ ವಾಸರ್‌ಕುಪ್ಪೆಯ ಮೇಲೆ ಗ್ಲೈಡರು ಸ್ಪರ್ಧೆಗೆ ಕರೆ ಕೊಟ್ಟ. ವಿದ್ಯಾರ್ಥಿಗಳು, ಬಡಗಿಗಳು, ಕೆಲಸ ಕಳೆದುಕೊಂಡ ಯುದ್ಧವಿಮಾನಿಗಳು ಬಂದರು. ಆ ವರ್ಷ ಅತ್ಯುತ್ತಮ ಹಾರಾಟ ಎರಡೂವರೆ ನಿಮಿಷವನ್ನೂ ಮುಟ್ಟಲಿಲ್ಲ. ಒಬ್ಬ ಸ್ಪರ್ಧಿ ಪ್ರಾಣ ಕಳೆದುಕೊಂಡ. ಎರಡು ವರ್ಷ ಕಳೆಯುವಷ್ಟರಲ್ಲಿ, ೧೯೨೨ರ ಆಗಸ್ಟಿನಲ್ಲಿ, ಹ್ಯಾನೋವರಿನ ವಿದ್ಯಾರ್ಥಿಗಳ 'ವಾಂಪೈರ್' ಎಂಬ ಗ್ಲೈಡರಿನಲ್ಲಿ ಆರ್ಥರ್ ಮಾರ್ಟೆನ್ಸ್ ಒಂದು ಗಂಟೆಗೂ ಹೆಚ್ಚು ಕಾಲ ಬೆಟ್ಟದ ಮೇಲೇರುವ ಗಾಳಿಯಲ್ಲಿ ತೇಲಿದ. ಅದೇ ತಿಂಗಳು ಹೆಂಟ್ಸೆನ್ ಎಂಬ ಅವನ ಜೊತೆಗಾರ ಮೂರು ಗಂಟೆಯನ್ನು ದಾಟಿದ. ಆಟದ ಸಾಮಾನು ಇನ್ನು ಆಟದ ಸಾಮಾನಾಗಿ ಉಳಿಯಲಿಲ್ಲ.

ಈ ಕಥೆಯಲ್ಲಿ ನಮಗೆ ಮೆಚ್ಚಿಗೆಯಾದ ಒಬ್ಬನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಕುಲಬಾಂಧವನ ಮೇಲಿನ ಪಕ್ಷಪಾತವೆಂದು ವಾಚಕರು ಕ್ಷಮಿಸಬೇಕು. ಪೂರ್ವ ಪ್ರಷ್ಯದ ಫರ್ಡಿನಾಂಡ್ ಷುಲ್ಟ್ಸ್ ಹಳ್ಳಿಯ ಶಾಲೆಯ ಉಪಾಧ್ಯಾಯ. ಯುದ್ಧಕಾಲದಲ್ಲಿ ವಿಮಾನ ನಡೆಸಿದ್ದವನು; ಯುದ್ಧ ಮುಗಿದ ಮೇಲೆ ಮತ್ತೆ ಹಲಗೆ ಬಳಪಕ್ಕೆ ಮರಳಿದ. ಶಾಲೆಯ ಸಂಬಳದಲ್ಲಿ ವಿಮಾನ ಕೊಳ್ಳುವ ಮಾತೆಲ್ಲಿ? ಸಿಕ್ಕಿದ ಮರದಿಂದ ತಾನೇ ಗ್ಲೈಡರು ಕಟ್ಟಿಕೊಂಡ. ಅದನ್ನು ನಡೆಸಲು ನಾವು ಮೇಲೆ ವರ್ಣಿಸಿದ ಕೋಲು, ಅಡ್ಡಪಟ್ಟಿ ಯಾವುದೂ ಕ್ರಮವಾಗಿರಲಿಲ್ಲ. ಎರಡು ಕೈಗೆ ಎರಡು ಕಸಪೊರಕೆಯ ಹಿಡಿಗಳಂಥ ಕೋಲುಗಳು. ಜನ ಅದಕ್ಕೆ 'ಪೊರಕೆ ಕೋಲು' ಎಂದೇ ಹೆಸರಿಟ್ಟರು. ರೋನ್ ಸ್ಪರ್ಧೆಯ ಪರೀಕ್ಷಕ ಮಂಡಲಿಯು ಇಂಥ ಯಂತ್ರವನ್ನು ಸ್ಪರ್ಧೆಗೆ ಸೇರಿಸಿಕೊಳ್ಳಲಾಗದೆಂದು ತಳ್ಳಿಹಾಕಿತು. ಮಂಡಲಿಯವರು ತಪ್ಪು ಮಾಡಿದರೆಂದು ನಾವು ಹೇಳಲಾರೆವು. ಪೊರಕೆ ಕೋಲಿನ ಮೇಲೆ ಕುಳಿತು ಬರುವವನನ್ನು ಯಾವ ಪರೀಕ್ಷಕ ತಾನೇ ಒಳಗೆ ಬಿಟ್ಟಾನು!

ಆದರೆ ೧೯೨೪ರ ಮೇ ೧೧ರಂದು ಬಾಲ್ಟಿಕ್ ಕಡಲ ಅಂಚಿನ ರೊಸ್ಸಿಟ್ಟನ್ ಎಂಬಲ್ಲಿ ಈ ಉಪಾಧ್ಯಾಯ ಅದೇ ಯಂತ್ರದಲ್ಲಿ ಮೇಲೇರಿದ. ರೊಸ್ಸಿಟ್ಟನ್ನಿನಲ್ಲಿ ಬೆಟ್ಟವಿಲ್ಲ, ಕಡಲಿನ ಉದ್ದಕ್ಕೂ ಎತ್ತರವಾದ ಮರಳುದಿಬ್ಬಗಳಿವೆ. ಬೇಕಲದ ಗೋಡೆಗೆ ಬಡಿಯುವಂತೆಯೇ ಕಡಲಗಾಳಿ ಆ ದಿಬ್ಬಗಳಿಗೆ ಬಡಿದು ಮೇಲೇರುತ್ತದೆ. ಆ ಏರುಗಾಳಿಯ ಪಟ್ಟಿಯನ್ನು ಬಿಡದೆ ಅತ್ತಿಂದಿತ್ತ, ಇತ್ತಿಂದತ್ತ ತಿರುಗುತ್ತ, ಬಯಲಿಗೊಡ್ಡಿದ ಆಸನದಲ್ಲಿ ಗಾಳಿಯನ್ನು ಎದೆಯಲ್ಲಿ ತಾಳುತ್ತ ಷುಲ್ಟ್ಸ್ ೮ ಗಂಟೆ ೪೨ ನಿಮಿಷ ಹಾರಿದ. ಅದು ಜಾಗತಿಕ ದಾಖಲೆಯಾಯಿತು. ೧೯೨೭ರಲ್ಲಿ ಇನ್ನೊಂದು ಗ್ಲೈಡರಿನಲ್ಲಿ ೧೪ ಗಂಟೆ ೭ ನಿಮಿಷ ಹಾರಿ ತನ್ನ ಸಾಧನೆಯನ್ನು ಇನ್ನಷ್ಟು ಎತ್ತರಕ್ಕೇರಿಸಿದ. ೧೯೨೯ರ ಜೂನ್ ತಿಂಗಳಲ್ಲಿ ಮಡಿದ. ವಿಚಿತ್ರವೆಂದರೆ, ಆ ದಿನ ಆತ ಕುಳಿತಿದ್ದುದು ಎಂಜಿನ್ ಇದ್ದ ವಿಮಾನದಲ್ಲಿ.

ಷುಲ್ಟ್ಸ್ ಮೊದಲೇ ಹಾರಲು ಬಲ್ಲವನು. ಏನೂ ಅರಿಯದ ಹುಡುಗನಿಗೆ ಕಲಿಸುವುದು ಹೇಗೆ? ಮಾರ್ಟೆನ್ಸ್ ೧೯೨೪ರಲ್ಲಿ ವಾಸರ್‌ಕುಪ್ಪೆಯ ಮೇಲೆ ಗ್ಲೈಡರು ಶಾಲೆಯನ್ನು ತೆರೆದ. ಅಲ್ಲಿ ಪಾಠದ ಕ್ರಮವನ್ನು ರೂಪಿಸಿದವನು ಫ್ರಿಟ್ಸ್ ಷ್ಟಾಮರ್. ಅವನೂ ಅಲೆಕ್ಸಾಂಡರ್ ಲಿಪ್ಪಿಷ್ ಎಂಬ ವಿನ್ಯಾಸಕಾರನೂ ಕೂಡಿ ೧೯೨೬ರಲ್ಲಿ ಕಲಿಯುವವರಿಗಾಗಿಯೇ ಒಂದು ಗ್ಲೈಡರನ್ನು ರಚಿಸಿದರು. ಅದರ ಹೆಸರು 'ತ್ಸೋಗ್ಲಿಂಗ್'. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಶಿಷ್ಯ ಎಂದೇ ಅರ್ಥ. ಸುಮಾರು ೧೦ ಮೀಟರ್ ಅಗಲದ ರೆಕ್ಕೆ, ಅದರ ಕೆಳಗೆ ಮರದ ಒಂದು ಚೌಕಟ್ಟು, ನೆಲದ ಮೇಲೆ ಜಾರಲು ಒಂದು ದಿಮ್ಮಿ, ದಿಮ್ಮಿಯ ಮೇಲೊಂದು ಹಲಗೆಯ ಆಸನ. ಸುತ್ತ ಗೋಡೆಯಿಲ್ಲ, ಮುಂದೆ ಗಾಜಿಲ್ಲ. ಕಾಲುಗಳ ಮುಂದೆ ಆಕಾಶ. ಈ ಜಾತಿಯ ಗ್ಲೈಡರುಗಳಲ್ಲಿ ಸವಾರನ ಮುಖದೆದುರಿಗೇ ಒಂದು ಮರದ ಕಂಬ ಹಾಯ್ದುಹೋಗುತ್ತಿತ್ತು. ಹುಡುಗರು ತಮಾಷೆಗಾಗಿ ಇದನ್ನು 'ತಲೆಬುರುಡೆ ಸೀಳುವುದು' ಎಂದು ಕರೆಯುತ್ತಿದ್ದರಂತೆ.

ಎರಡು ಆಸನಗಳನ್ನು ಏಕೆ ಇಡಲಿಲ್ಲ? ಬಡತನ ಒಂದು ಕಾರಣ. ಇನ್ನೊಂದು ಕಾರಣ ಹಾರಿಸುವ ವಿಧಾನದಲ್ಲಿತ್ತು. ಗ್ಲೈಡರನ್ನು ಬೆಟ್ಟದ ಇಳಿಜಾರಿನ ನೆತ್ತಿಯಲ್ಲಿ ಗಾಳಿಗೆದುರಾಗಿ ನಿಲ್ಲಿಸಿ, ದಪ್ಪವಾದ ರಬ್ಬರು ಹಗ್ಗವೊಂದರ ನಡುವಿನ ಬಳೆಯನ್ನು ಅದರ ಮೂತಿಯ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಹಗ್ಗದ ಎರಡು ತುದಿಗಳನ್ನು ಎರಡು ಸಾಲು ಹುಡುಗರು ಹಿಡಿದು ಎಡಬಲಕ್ಕೆ ಕವಲಾಗಿ ನಿಲ್ಲುವರು. ಬಾಲವನ್ನು ಎರಡು ಮೂರು ಮಂದಿ ಗಟ್ಟಿಯಾಗಿ ಹಿಡಿಯುವರು. ಗುರು ಕೂಗುವನು: ಎಳೆಯಿರಿ! ಹಗ್ಗ ಬಿಗಿಯುವುದು. ಓಡಿರಿ! ಹುಡುಗರು ಇಳಿಜಾರಿನಲ್ಲಿ ಓಡುವರು, ರಬ್ಬರು ಹಿಗ್ಗುವುದು. ಬಿಡಿ! ಬಾಲ ಹಿಡಿದವರು ಕೈಬಿಟ್ಟೊಡನೆ ಗ್ಲೈಡರು ಕವಣೆಯ ಕಲ್ಲಿನಂತೆ ಚಿಮ್ಮುವುದು. ಬಳೆ ತಾನಾಗಿ ಕಳಚಿ ಬೀಳುವುದು. ಇಷ್ಟು ಮಂದಿಯ ಕಾಲಿನ ಬಲ ಒಬ್ಬನನ್ನು ಎತ್ತಲು ಸಾಕು. ಇಬ್ಬರನ್ನು ಎತ್ತುವ ಭಾರವಾದ ಯಂತ್ರಕ್ಕೆ ಸಾಲದು. ಆದ್ದರಿಂದ ಗುರು ನೆಲದ ಮೇಲೇ ಉಳಿಯಬೇಕಾಯಿತು.

ನೆಲದ ಮೇಲೆ ಉಳಿದ ಗುರುವಿಗೆ ಒಂದೇ ಉಪಾಯ: ವಿದ್ಯೆಯನ್ನು ಸಣ್ಣ ಸಣ್ಣ ತುತ್ತುಗಳನ್ನಾಗಿ ಮುರಿಯುವುದು. ಮೊದಲ ಪಾಠದಲ್ಲಿ ಗ್ಲೈಡರು ಹಾರುತ್ತಲೇ ಇರಲಿಲ್ಲ. ಗಾಳಿಗೆದುರಾಗಿ ನಿಂತ ಯಂತ್ರದಲ್ಲಿ ಶಿಷ್ಯನನ್ನು ಕೂರಿಸಿ, ಕೋಲನ್ನು ಆಡಿಸಿ ರೆಕ್ಕೆಗಳನ್ನು ಸಮನಾಗಿ ಹಿಡಿ ಎನ್ನುವರು. ಎಷ್ಟೋ ಹೊತ್ತು ಇದೇ ಆಟ. ಅನಂತರ ಹಗ್ಗವನ್ನು ಮೆಲ್ಲಗೆ ಎಳೆದು ಹುಲ್ಲಿನ ಮೇಲೆ ಬರಿದೆ ಜಾರಿಸುವರು. ಅದು ನೆಟ್ಟಗೆ ಬಂದರೆ ಇನ್ನು ಕೊಂಚ ಬಿಗಿ ಎಳೆತ. ಯಂತ್ರ ಒಂದೆರಡು ಮೀಟರ್ ಎದ್ದು ಕುಳಿತುಕೊಳ್ಳುವುದು, ಕೋಳಿ ಹಾರಿದಂತೆ. ಆಮೇಲೆ ಐದು ಸೆಕೆಂಡು, ಹತ್ತು ಸೆಕೆಂಡು. ಶಿಷ್ಯ ಬೆಟ್ಟದಲ್ಲಿ ಮೇಲೆ ಮೇಲೆ ಹೋದಂತೆ ಹಾರಾಟವೂ ಉದ್ದವಾಗುವುದು. ಇಳಿದ ಬಳಿಕ ಅವನು ಮಾಡಿದ ತಪ್ಪನ್ನು ಎಲ್ಲರ ಎದುರಿಗೆ ಬಿಡಿಸಿ ಹೇಳುವರು. ಹಾರಿದವನೊಬ್ಬ, ಕಲಿತವರು ಹನ್ನೆರಡು ಮಂದಿ. ಪ್ರಶಂಸೆಗೆ ಸಮಯವಿಲ್ಲ, ಏಕೆಂದರೆ ಯಂತ್ರವನ್ನು ಮತ್ತೆ ಬೆಟ್ಟದ ಮೇಲಕ್ಕೆ ಎಳೆದೊಯ್ಯಬೇಕು. ಕೆಲವು ಸೆಕೆಂಡುಗಳ ಒಬ್ಬನ ಹಾರಾಟಕ್ಕೆ ಇಡೀ ತರಗತಿಯ ಬೆವರು ವೆಚ್ಚ. ಸಂಜೆಯಾದರೆ ಮುರಿದ ದಿಮ್ಮಿಯನ್ನು ಕೂಡಿಸುವ, ಹರಿದ ಬಟ್ಟೆಗೆ ತೇಪೆ ಹಚ್ಚುವ ಕೆಲಸವೂ ಶಿಷ್ಯರದ್ದೇ.

ಪರೀಕ್ಷೆಗಳು ಮೂರು. ೩೦ ಸೆಕೆಂಡು ನೆಟ್ಟಗೆ ಹಾರಿ ಸರಿಯಾಗಿ ಇಳಿದವನಿಗೆ 'ಎ'. ಒಂದು ನಿಮಿಷ ಹಾರಿ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿದವನಿಗೆ 'ಬಿ'. ಹೊರಟ ಎತ್ತರಕ್ಕಿಂತ ಮೇಲೆ ಐದು ನಿಮಿಷ ತೇಲಿದವನಿಗೆ 'ಸಿ'. ಅಂದರೆ ಅವನು ಇಳಿಯುವ ವಿದ್ಯೆಯಿಂದ ಏರುವ ವಿದ್ಯೆಗೆ ದಾಟಿದನೆಂದರ್ಥ. ನೀಲಿ ಬಿಲ್ಲೆಯ ಮೇಲೆ ಬಿಳಿಯ ಕಡಲಹಕ್ಕಿ: ಎ ಪರೀಕ್ಷೆಗೆ ಒಂದು, ಬಿ ಪರೀಕ್ಷೆಗೆ ಎರಡು, ಸಿ ಪರೀಕ್ಷೆಗೆ ಮೂರು. ಮೂವತ್ತು ಸೆಕೆಂಡೆಂದರೆ ಏನು ಮಹಾ ಎಂದು ವಾಚಕರಿಗೆ ತೋರಬಹುದು. ನಮಗೂ ತೋರಿತ್ತು. ಒಂದು ಸಂಜೆ ಗಡಿಯಾರ ಮುಂದಿಟ್ಟುಕೊಂಡು ಮೂವತ್ತು ಸೆಕೆಂಡು ಉಸಿರು ಬಿಗಿಹಿಡಿದು ನೋಡಿದೆವು. ಚಿಕ್ಕ ಅವಧಿಯಲ್ಲ.

ಆ ಶಿಷ್ಯರಲ್ಲಿ ಒಬ್ಬಳು ಸಿಲೇಸಿಯದ ಹಾನ್ನಾ ರೈಟ್ಷ್. ೧೯೧೨ರಲ್ಲಿ ಹುಟ್ಟಿದವಳು, ೧೯೩೦ರ ದಶಕದ ಆರಂಭದಲ್ಲಿ ಗ್ರೂನೌ ಎಂಬಲ್ಲಿಯ ಗ್ಲೈಡರು ಶಾಲೆಗೆ ಸೇರಿದಳು. ಪುಟ್ಟ ಆಕಾರ, ಸುತ್ತಲೂ ಹುಡುಗರ ನಗೆ. ನೆಲದ ಮೇಲೆ ಜಾರುವುದಷ್ಟೇ ಅವಳ ಅಂದಿನ ಪಾಠ. ಅವಳು ಕೋಲನ್ನು ಎಳೆದಳು. ಹಗುರಾದ ಮೈ, ಗ್ಲೈಡರು ಥಟ್ಟನೆ ಆಕಾಶಕ್ಕೆದ್ದಿತು, ಹೇಗೋ ಉಳಿದಳು. ಗುರು ಸಿಟ್ಟಾಗಿ ಮೂರು ದಿನ ಹಾರಾಟವಿಲ್ಲವೆಂದು ಶಿಕ್ಷೆ ವಿಧಿಸಿದ. ಆ ರಾತ್ರಿ ಹಾಸಿಗೆಯಲ್ಲಿ ಊರುಗೋಲೊಂದನ್ನು ಮೊಣಕಾಲುಗಳ ನಡುವೆ ಹಿಡಿದು ಕತ್ತಲಲ್ಲಿ ಅಭ್ಯಾಸ ಮಾಡಿದೆನೆಂದು ಅವಳು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಮೂರು ದಿನ ಹಗ್ಗ ಎಳೆಯುತ್ತ ಇತರರ ತಪ್ಪುಗಳನ್ನು ನೋಡಿದವಳು ತನ್ನ ಸರದಿ ಬಂದಾಗ ಎಲ್ಲರಿಗಿಂತ ಚೆನ್ನಾಗಿ ಹಾರಿದಳು. ಆ ಶಿಕ್ಷೆ ಸರಿಯಾಗಿತ್ತೆ? ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ ಈ ಪ್ರಶ್ನೆಯ ಮೇಲೆ ಒಂದು ಮಧ್ಯಾಹ್ನವೆಲ್ಲ ಚರ್ಚೆಯಾಯಿತು, ಒಮ್ಮತ ಬರಲಿಲ್ಲ. ಒಬ್ಬ ಸಹೋದ್ಯೋಗಿಗಳೆಂದರು: ಪಕ್ಕದಲ್ಲಿ ಕೂರಲಾಗದ ಗುರುವಿಗೆ ತನ್ನ ಮಾತೊಂದೇ ಕಡಿವಾಣ, ಅದನ್ನು ಶಿಷ್ಯೆ ಮೀರಿದರೆ ಮುಂದಿನ ಸಲ ಅವಳನ್ನು ಉಳಿಸಲು ಅವನ ಕೈಯಲ್ಲಿ ಏನಿದೆ? ನಮಗೆ ಆ ಮಾತು ಒಪ್ಪಿಗೆಯಾಯಿತು.

ಆದರೆ ಮುಂದಿನ ಕಥೆಯನ್ನು ಬರೆಯುವಾಗ ಆ ಒಪ್ಪಿಗೆ ಸ್ವಲ್ಪ ಅಲುಗುತ್ತದೆ. ೧೯೩೩ರಲ್ಲಿ ಹಿಟ್ಲರನ ಆಳ್ವಿಕೆ ಬಂತು. ಸ್ವತಂತ್ರವಾಗಿದ್ದ ಗ್ಲೈಡರು ಸಂಘಗಳನ್ನು ಸರಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ೧೯೩೭ರಲ್ಲಿ ಎಲ್ಲವೂ ನಾಜಿ ಪಕ್ಷದ ವಾಯುದಳವೊಂದರ ಅಧೀನವಾದುವು. ೧೯೩೮ರಲ್ಲಿ ತ್ಸೋಗ್ಲಿಂಗಿನ ಸ್ಥಾನಕ್ಕೆ ಅದೇ ಮಾದರಿಯ 'ಎಸ್.ಜಿ. ೩೮' ಬಂತು, ಅಂಥವು ಸಾವಿರಾರು ತಯಾರಾದುವು. ಹದಿನಾಲ್ಕರ ಬಾಲಕರನ್ನು ಅದರ ಹಲಗೆಯ ಮೇಲೆ ಕೂರಿಸಿದರು. ಅದೇ ಬೆಟ್ಟ, ಅದೇ ರಬ್ಬರು ಹಗ್ಗ, ಅದೇ ಮೂರು ಆಜ್ಞೆಗಳು. ಕಲಿತು ಮುಗಿದವರು ಹೋಗುತ್ತಿದ್ದುದು ಮಾತ್ರ ಯುದ್ಧವಿಮಾನಗಳಿಗೆ. ಯುದ್ಧದ ಕೊನೆಯಲ್ಲಿ, ೧೯೪೪ರಲ್ಲಿ, ಗ್ಲೈಡರು ಮಾತ್ರ ಬಲ್ಲ ಹುಡುಗರನ್ನು ಹೊಸ ಜೆಟ್ ವಿಮಾನದಲ್ಲಿ ಕೂರಿಸಿ ರಣರಂಗಕ್ಕೆ ಕಳುಹಿಸುವ ಯೋಜನೆಯನ್ನೂ ಅಲ್ಲಿಯ ಅಧಿಕಾರಿಗಳು ಹಾಕಿದ್ದರು. ಅದು ನೆರವೇರುವ ಮೊದಲೇ ಯುದ್ಧ ಮುಗಿದದ್ದು ಆ ತಾಯಂದಿರ ಪುಣ್ಯ. ಹಾನ್ನಾ ರೈಟ್ಷಳೂ ಆ ಆಳ್ವಿಕೆಯ ಪ್ರಸಿದ್ಧ ವಿಮಾನಿಯಾಗಿ ಪದಕಗಳನ್ನು ಪಡೆದಳು. ಆಸನದಲ್ಲಿ ಒಬ್ಬನೇ ಕುಳಿತವನು ತನ್ನ ಬುದ್ಧಿಯಿಂದಲೇ ನಡೆಯುತ್ತಾನೆಂದು ಹೇಳಲಾಗುವುದಿಲ್ಲ. ಧೈರ್ಯವನ್ನು ತುತ್ತುತುತ್ತಾಗಿ ಉಣ್ಣಿಸಿದ ಶಾಲೆಯು ಆ ಧೈರ್ಯ ಯಾರ ಕೆಲಸಕ್ಕೆಂದು ಕೇಳುವುದನ್ನು ಕಲಿಸಿರಲಿಲ್ಲ. ಷ್ಟಾಮರನ ಪಾಠಕ್ರಮವನ್ನು ಮೆಚ್ಚಿ ಬರೆಯುತ್ತಿರುವ ನಾವು ಇದನ್ನು ಮುಚ್ಚಿಟ್ಟರೆ ಅಪಚಾರವಾದೀತು.

ಯುದ್ಧಾನಂತರ ಜರ್ಮನಿಯಲ್ಲಿ ಗ್ಲೈಡರು ಹಾರಾಟಕ್ಕೂ ನಿಷೇಧ ಬಿತ್ತು. ಅದು ತೆರವಾದದ್ದು ೧೯೫೧ರಲ್ಲಿ. ಅಷ್ಟರಲ್ಲಿ ಯಂತ್ರದ ರಾಟೆಯಿಂದ ಉದ್ದನೆಯ ತಂತಿಯನ್ನು ಸುತ್ತಿ ಎಳೆಯುವ, ಎಂಜಿನ್ ವಿಮಾನದ ಹಿಂದೆ ಕಟ್ಟಿ ಮೇಲೊಯ್ಯುವ ವಿಧಾನಗಳು ಎಲ್ಲೆಡೆ ಬಳಕೆಗೆ ಬಂದಿದ್ದುವು. ಇವಕ್ಕೆ ಇಬ್ಬರ ಭಾರ ದೊಡ್ಡದಲ್ಲ. ಇಂಗ್ಲೆಂಡಿನಲ್ಲೂ ಜರ್ಮನಿಯಲ್ಲೂ ಎರಡು ಆಸನದ ಗ್ಲೈಡರುಗಳು ಬಂದು, ಒಂಟಿ ಆಸನದ ಪಾಠಶಾಲೆ ಮೆಲ್ಲನೆ ಮರೆಯಾಯಿತು. ವಾಸರ್‌ಕುಪ್ಪೆಯ ಮೇಲೆ ಇಂದಿಗೂ ಗ್ಲೈಡರು ಶಾಲೆಯಿದೆ. ಹಳೆಯ ಯಂತ್ರಗಳು ಪಕ್ಕದ ವಸ್ತುಸಂಗ್ರಹಾಲಯವನ್ನು ಸೇರಿವೆ.

ನಮ್ಮ ದೇಶಕ್ಕೆ ಈ ವಿದ್ಯೆ ಗಟ್ಟಿಯಾಗಿ ಬೇರೂರಿದ್ದು ಸ್ವಾತಂತ್ರ್ಯಾನಂತರ, ಅಂದರೆ ಎರಡು ಆಸನದ ಕಾಲದಲ್ಲಿ. ೧೯೫೯ರಲ್ಲಿ ಹಾನ್ನಾ ರೈಟ್ಷ್ ಭಾರತಕ್ಕೆ ಬಂದಾಗ ಪ್ರಧಾನಿ ನೆಹರೂ ಅವರನ್ನು ದೆಹಲಿಯ ಮೇಲೆ ಗ್ಲೈಡರಿನಲ್ಲಿ ಕರೆದೊಯ್ದಳು. ಬೆಟ್ಟದ ಮೇಲೆ ಶಿಕ್ಷೆ ಅನುಭವಿಸಿದ ಹುಡುಗಿಯ ಗ್ಲೈಡರಿನಲ್ಲಿ ಒಂದು ದೇಶದ ಪ್ರಧಾನಿ! ೧೯೬೧ರಲ್ಲಿ ಎಸ್. ರಾಮಾಮೃತಂ ಎಂಬ ವಿನ್ಯಾಸಕಾರರ 'ರೋಹಿಣಿ' ಎಂಬ ದೇಶೀಯ ಗ್ಲೈಡರು ಹಾರಿತು. ಅದರಲ್ಲಿ ಗುರುಶಿಷ್ಯರ ಆಸನಗಳು ಅಕ್ಕಪಕ್ಕ. ಎನ್.ಸಿ.ಸಿ.ಯ ಬಾಲಕರೂ ಸೇರಿ ಅನೇಕರು ಅದರಲ್ಲಿ ಕಲಿತರು.

ಎರಡು ಆಸನ ಬಂದ ಮೇಲೆ ಒಂಟಿ ಹಾರಾಟವು ಮೊದಲ ಪಾಠವಾಗಿ ಉಳಿಯದೆ ಒಂದು ಹಬ್ಬದ ದಿನದಂತಾಯಿತು. ಅಮೆರಿಕದಲ್ಲಿ ಎಂಜಿನ್ ವಿಮಾನವನ್ನು ಒಬ್ಬನೇ ಹಾರಿಸಲು ೧೬ ವರ್ಷ ತುಂಬಿರಬೇಕು. ಗ್ಲೈಡರಿಗಾದರೆ ೧೪ ಸಾಕು. ಎಷ್ಟೋ ಹಾರಾಟಗಳನ್ನು ಜೊತೆಯಲ್ಲಿ ಮಾಡಿದ ಗುರು ಒಂದು ದಿನ, ಹೆಚ್ಚಾಗಿ ಮುನ್ಸೂಚನೆ ಕೊಡದೆ, ತನ್ನ ಪಟ್ಟಿಯನ್ನು ಬಿಚ್ಚಿ ಕೆಳಗಿಳಿಯುತ್ತಾನೆ. ಖಾಲಿ ಆಸನದ ಪಟ್ಟಿಗಳನ್ನು ಬಿಗಿದು ಕಟ್ಟುತ್ತಾನೆ. ಸಡಿಲವಾಗಿ ಬಿಟ್ಟರೆ ಅವು ಕೋಲಿಗೆ ಸಿಕ್ಕಿಕೊಂಡಾವು. ಒಬ್ಬನ ಭಾರ ಕಡಿಮೆಯಾದುದರಿಂದ ಬೇಗ ಮೇಲೇರುವೆ, ಇಳಿಯುವಾಗ ಹೆಚ್ಚು ದೂರ ತೇಲುವೆ, ಗಾಬರಿಪಡಬೇಡ ಎನ್ನುತ್ತಾನೆ. ಆಮೇಲೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಷ್ಟಾಮರ್ ಮೊದಲ ದಿನವೇ ನಿಂತ ಜಾಗದಲ್ಲಿ ಇವನು ಕೊನೆಗೆ ಬಂದು ನಿಂತಂತಾಯಿತು.

ಸೈಕಲು ಕಲಿಸಿದ ಅನುಭವ ನಮಗೂ ಉಂಟು. ಅಕ್ಕನ ಮಗನಿಗೆ ಕಲಿಸುವಾಗ "ಬಿಡಬೇಡಿ ಮಾವ, ಬಿಡಬೇಡಿ" ಎಂದು ಅವನು ಕೂಗುತ್ತಿದ್ದ. "ಹಿಡಿದಿದ್ದೇನೆ" ಎನ್ನುತ್ತಲೇ ನಾವು ಕೈಬಿಟ್ಟೆವು. ಇಪ್ಪತ್ತು ಮಾರು ಚೆನ್ನಾಗಿಯೇ ಹೋದ. ತಿರುಗಿ ನೋಡಿದವನು ನಾವು ದೂರದಲ್ಲಿ ನಿಂತಿರುವುದನ್ನು ಕಂಡು ಕೆಸುವಿನ ಹೊಂಡಕ್ಕೆ ಬಿದ್ದ. ಮೊಣಕೈಯ ಗಾಯ ವಾರದಲ್ಲಿ ಮಾಯಿತು. ಸುಳ್ಳು ಹೇಳಿದಿರೆಂಬ ಮುನಿಸು ಬಹಳ ದಿನ ಇತ್ತು. ವಾಸರ್‌ಕುಪ್ಪೆಯ ಶಿಷ್ಯನಿಗೆ ಯಾರೂ ಸುಳ್ಳು ಹೇಳುವಂತಿರಲಿಲ್ಲ. ಅವನ ಪಕ್ಕದಲ್ಲಿ ಯಾರೂ ಇಲ್ಲವೆಂಬುದು ಅವನ ಕಣ್ಣಿಗೇ ಕಾಣುತ್ತಿತ್ತು.

ಈ ವರ್ಷ ಶಾಲೆ ತೆರೆದ ಮೇಲೆ ಆರನೆಯ ತರಗತಿಗೆ ಹೋಗಿ ಆ ಹುಡುಗನನ್ನು ಕರೆದು, ಕಳೆದ ವರ್ಷ ನಾವಿತ್ತ ಉತ್ತರ ಅರ್ಧವೇ ಆಗಿತ್ತೆಂದು ಹೇಳಿ, ಹಗ್ಗ ಎಳೆಯುವ ಹುಡುಗರ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ಅವನು ಬಹಳ ಹೊತ್ತು ನೋಡಿದ. "ಹಗ್ಗ ಕಳಚಿದ ಮೇಲೆ ಎಳೆದವರೆಲ್ಲ ಏನು ಮಾಡುತ್ತಾರೆ, ಮಾಷ್ಟ್ರೇ?" ಎಂದ. ಅವನು ಇಳಿಯುವ ತನಕ ಕತ್ತೆತ್ತಿ ನೋಡುತ್ತಿರುತ್ತಾರೆ, ಅನಂತರ ಗ್ಲೈಡರನ್ನು ಬೆಟ್ಟದ ಮೇಲಕ್ಕೆ ಎಳೆದುಕೊಂಡು ಹೋಗುತ್ತಾರೆ, ಮುಂದೆ ಇನ್ನೊಬ್ಬನ ಸರದಿ ಎಂದೆವು.